ಚರ್ಚ್‌ಗೆ ಹೋಗದೆ ಕ್ರೈಸ್ತನಾಗಿ ಬಾಳಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಹುಟ್ಟಿನಿಂದ ಕ್ರೈಸ್ತರು, ಯೇಸುವಿನ ಮೇಲೆ ನಂಬಿಕೆ ಇದೆ, ಮನೆಯಲ್ಲಿ ಪ್ರಾರ್ಥನೆ ಮಾಡುತ್ತೀರಿ. ಆದರೆ ಎರಡು ವರ್ಷದಿಂದ ಚರ್ಚ್‌ಗೆ ಹೋಗಿಲ್ಲ, ಹೋಗಲು ಮನಸ್ಸೂ ಬರುತ್ತಿಲ್ಲ. "ಚರ್ಚ್ ಬಿಟ್ಟವನು ಕ್ರಿಸ್ತನನ್ನೂ ಬಿಟ್ಟ ಹಾಗೆ" ಅಂತ ಅಮ್ಮ ಕಣ್ಣೀರು ಹಾಕುತ್ತಾರೆ. ಮನೆಯಲ್ಲೇ ಇದ್ದು ಕ್ರೈಸ್ತನಾಗಿ ಬಾಳಬಹುದಾ ಅಂತ ಕೇಳಿದ್ದೀರಿ.

ಬಾಳಬಹುದು. ನಾನು ಹಾಗೇ ಬಾಳುತ್ತಿದ್ದೇನೆ. ಆದರೆ ಒಬ್ಬರೇ ಬಾಳಲು ಆಗುವುದಿಲ್ಲ. ಕಟ್ಟಡ ಬಿಡಬಹುದು, ಭಾನುವಾರದ ಆರಾಧನೆ ಬಿಡಬಹುದು, ಕಮಿಟಿ, ಚುನಾವಣೆ ಎಲ್ಲ ಬಿಡಬಹುದು. ಪಕ್ಕದಲ್ಲಿ ಕೂತು ನಿಮ್ಮ ಜೊತೆ ಪ್ರಾರ್ಥಿಸುವ ಇನ್ನೊಂದು ಜೀವವನ್ನು ಮಾತ್ರ ಬಿಡಬೇಡಿ. ಚರ್ಚ್ ಅನ್ನುವುದು ನಮ್ಮ ಗಮನಕ್ಕೆ ಬಾರದ ಹಾಗೆ ನಮಗಾಗಿ ಎಷ್ಟೋ ಕೆಲಸ ಮಾಡುತ್ತಿರುತ್ತದೆ. ಬಿಟ್ಟು ಬಂದವರು ಆ ಕೆಲಸವನ್ನೆಲ್ಲ ತಾವೇ ಹೊರಬೇಕು. ಹೊರದೆ ಇದ್ದರೆ ನಂಬಿಕೆ ಜಗಳ ಮಾಡಿಕೊಂಡು ಹೋಗುವುದಿಲ್ಲ, ಸುಮ್ನೆ ಸವೆದು ಹೋಗುತ್ತದೆ.

ನಮ್ಮದು ಗದಗ-ಬೆಟಗೇರಿ ಕಡೆಯ ಬಾಸೆಲ್ ಮಿಶನ್ ಮನೆತನ, ಅಂದರೆ ಆ ಪ್ರಾಟೆಸ್ಟಂಟ್ ಮಿಶನ್ನಿನಿಂದ ಕ್ರೈಸ್ತರಾದವರು. ಈಗ ಇರುವುದು ಧಾರವಾಡದಲ್ಲಿ. ನಾನು ಹೋಗುತ್ತಿದ್ದ ಸಭೆಯಲ್ಲಿ, ಅಂದರೆ ಚರ್ಚಿನ ಬಳಗದಲ್ಲಿ, ಆಸ್ತಿ ಮತ್ತು ಆಡಳಿತದ ವಿಷಯಕ್ಕೆ ಎರಡು ಪಂಗಡವಾಯಿತು, ಕೋರ್ಟಿಗೂ ಹೋಯಿತು. ಬಾಗಿಲಲ್ಲಿ ಪೊಲೀಸರು ನಿಂತಿರುವಾಗ ಒಳಗೆ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ನನ್ನಿಂದ ಆಗಲಿಲ್ಲ. ಯಾವ ಸಭೆ ಅಂತ ಹೇಳುವುದಿಲ್ಲ. ಎರಡೂ ಕಡೆ ನನ್ನ ಬಂಧುಗಳಿದ್ದಾರೆ, ಒಳ್ಳೆಯ ಜನ. ನನ್ನ ಸ್ವಂತ ತಮ್ಮ ಒಂದು ಕಡೆ ಇದ್ದಾನೆ. ನಿಮ್ಮ ಕಾರಣ ಬೇರೆ ಇರಬಹುದು, ನೀವು ಬರೆದಿಲ್ಲ. ಬರೆಯಲೇಬೇಕು ಅಂತೇನೂ ಇಲ್ಲ.

ಮೊದಲು ಸತ್ಯವೇದದ (ಬೈಬಲಿನ) ಮಾತು. ಅಮ್ಮ ಬಹುಶಃ ಇಬ್ರಿಯರಿಗೆ ಬರೆದ ಪತ್ರದ 10ನೇ ಅಧ್ಯಾಯ, 25ನೇ ವಚನ ತೋರಿಸಿರುತ್ತಾರೆ. ಸಭೆಯಾಗಿ ಕೂಡಿಬರುವುದನ್ನು ಬಿಡಬೇಡಿ ಅನ್ನುವ ವಚನ. ಅದನ್ನು ತಳ್ಳಿಹಾಕುವ ಹಾಗಿಲ್ಲ. ಆದರೆ ಆ ಪತ್ರ ಓದಿಸಿಕೊಂಡವರಿಗೆ ಗಂಟೆ ಗೋಪುರದ ಚರ್ಚ್ ಇರಲಿಲ್ಲ. ಅವರು ಸೇರುತ್ತಿದ್ದದ್ದು ಮನೆಗಳಲ್ಲಿ. ಪೌಲನು ರೋಮದವರಿಗೆ ಬರೆಯುತ್ತಾ ಪ್ರಿಸ್ಕಿಲ್ಲ ಮತ್ತು ಅಕ್ವಿಲ್ಲರ ಮನೆಯಲ್ಲಿ ಕೂಡುವ ಸಭೆಗೆ ವಂದನೆ ಹೇಳುತ್ತಾನೆ. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ನುಂಫಳ ಮನೆಯ ಸಭೆ ಇದೆ. ಸಿರಿಯಾದ ದೂರಾ ಯೂರೋಪಸ್ ಎಂಬ ಹಾಳೂರಿನಲ್ಲಿ ಅಗೆದಾಗ ಸಿಕ್ಕಿದ್ದು ಮೂರನೇ ಶತಮಾನದ ಒಂದು ಮನೆ. ಎರಡು ಕೋಣೆ ಸೇರಿಸಿ ದೊಡ್ಡದು ಮಾಡಿಕೊಂಡಿದ್ದಾರೆ, ಇನ್ನೊಂದರಲ್ಲಿ ದೀಕ್ಷಾಸ್ನಾನದ ತೊಟ್ಟಿ ಇದೆ. ನಮ್ಮ ಕೈಗೆ ಸಿಕ್ಕಿರುವ ಅತಿ ಹಳೆಯ ಚರ್ಚುಗಳಲ್ಲಿ ಒಂದು ಅದು, ಮತ್ತು ಅದು ಯಾರದೋ ಮನೆ!

ಹಾಗಾಗಿ ಆ ವಚನ ನಿಮ್ಮನ್ನು ಒಂದು ಕಟ್ಟಡಕ್ಕೆ ಕಟ್ಟಿಹಾಕುವುದಿಲ್ಲ. ಇನ್ನೊಬ್ಬ ಮನುಷ್ಯನಿಗೆ ಮಾತ್ರ ಕಟ್ಟಿಹಾಕುತ್ತದೆ. ಕೋಣೆಯ ಬಾಗಿಲು ಹಾಕಿಕೊಂಡು ಪ್ರಾರ್ಥಿಸು ಅಂದ ಯೇಸುವೇ, ಇಬ್ಬರು ಮೂವರು ನನ್ನ ಹೆಸರಿನಲ್ಲಿ ಕೂಡಿದಲ್ಲಿ ನಾನಿರುತ್ತೇನೆ ಅಂತಲೂ ಹೇಳಿದ್ದಾನೆ. ಮೊದಲನೆಯದನ್ನು ಹಿಡಿದುಕೊಂಡು ಎರಡನೆಯದನ್ನು ಬಿಡುವವರನ್ನು ನಾನು ಜಾಸ್ತಿ ನೋಡಿದ್ದೇನೆ.

ನಮ್ಮಂಥ ಮನೆತನಗಳಿಗೆ ಈ ನಂಬಿಕೆ ತಂದವರೂ ಮನೆಪ್ರಾರ್ಥನೆಯ ಜನವೇ. ಬಾಸೆಲ್ ಮಿಶನ್ ಭಾರತಕ್ಕೆ ಕಳಿಸಿದ ಮೊದಲ ಮೂವರು, ಹೆಬಿಕ್, ಲೇನರ್, ಗ್ರೈನರ್, 1834ರಲ್ಲಿ ಮಂಗಳೂರಿಗೆ ಬಂದರು. ಆಮೇಲೆ 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ಬೆಟಗೇರಿಯಲ್ಲಿ ಮಿಶನ್ನಿನ ಕೆಲಸ ಶುರುವಾಯಿತು. ಆ ಮಿಶನ್ನಿನ ಬಹಳಷ್ಟು ಜನ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯವರು. ಅಲ್ಲಿ ರೈತರು, ನೇಕಾರರು ವಾರದ ಮಧ್ಯೆ ಯಾರದಾದರೂ ಮನೆಯಲ್ಲಿ ಕೂಡಿ ಸತ್ಯವೇದ ಓದುತ್ತಿದ್ದರು. ಮೊದಮೊದಲು ಸರ್ಕಾರಕ್ಕೂ ಚರ್ಚಿಗೂ ಇದರ ಮೇಲೆ ಅನುಮಾನ. 1743ರಲ್ಲಿ, ಊರಿನ ಪಾದ್ರಿಗೆ ತಿಳಿದಿರಬೇಕು ಅನ್ನುವಂಥ ಷರತ್ತು ಹಾಕಿ ಒಪ್ಪಿಗೆ ಕೊಟ್ಟರು. ಅವರು ಭಾನುವಾರ ಚರ್ಚಿಗೂ ಹೋಗುತ್ತಿದ್ದರು ಅನ್ನುವುದನ್ನು ಮುಚ್ಚಿಡುವುದಿಲ್ಲ. ಆದರೆ ಅವರ ನಂಬಿಕೆಗೆ ಬಿಸಿ ಸಿಕ್ಕಿದ್ದು ಆ ಮನೆಗಳಲ್ಲಿ. ಅದೇ ಬಗೆಯ ನಂಬಿಕೆಯವರಿದ್ದ, ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನಲ್ಲಿ 1728ರಿಂದ ದಿನಕ್ಕೊಂದು ವಚನವನ್ನು ಮನೆಮನೆಗೆ ಹೋಗಿ ಹೇಳಿಬರುವ ರೂಢಿ ಶುರುವಾಯಿತು. 1731ರಿಂದ ಆ ವಚನಗಳು ಪ್ರತಿವರ್ಷ ಪುಸ್ತಕವಾಗಿ ಬರುತ್ತಿವೆ, ಈಗ ಐವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ. ಬೆಳಗ್ಗೆ ಎದ್ದು ನಾನು ಓದುವುದೂ ಅದನ್ನೇ. ಇವತ್ತು ಅದೇ ವಚನವನ್ನು ಎಷ್ಟೋ ದೇಶಗಳಲ್ಲಿ ಜನ ಓದುತ್ತಿದ್ದಾರೆ ಅಂತ ಗೊತ್ತಿದ್ದರೆ ಒಂಟಿತನ ಕಡಿಮೆಯಾಗುತ್ತದೆ.

ಚರ್ಚ್ ಬಿಟ್ಟವರ ಕೈಯಿಂದ ಮೊದಲು ಜಾರುವುದು ಪ್ರಾರ್ಥನೆ ಅಲ್ಲ, ಹಾಡು. ಪ್ರಾರ್ಥನೆ ಒಬ್ಬರೇ ಮಾಡಬಹುದು, ಓದುವುದೂ ಸರಿ. ಹಾಡು? ನಮ್ಮ ಕಡೆಯ ಹಳೆಯ ಸಭೆಗಳಲ್ಲಿ ಜರ್ಮನ್ ರಾಗದ ಕೀರ್ತನೆಗಳನ್ನು ನಾಲ್ಕು ದನಿಯಲ್ಲಿ ಹಾಡುತ್ತಾರೆ. ನಾನು ಚಿಕ್ಕಂದಿನಿಂದ ಆಲ್ಟೋ, ಅಂದರೆ ಮುಖ್ಯ ರಾಗದ ಕೆಳಗಿನ ಹೆಂಗಸರ ದನಿ. ನನ್ನ ಪಕ್ಕ ಒಬ್ಬ ದೊಡ್ಡಮ್ಮ ನಿಲ್ಲುತ್ತಿದ್ದರು. ಪುಸ್ತಕ ನೋಡುತ್ತಲೇ ಇರಲಿಲ್ಲ. ನಾನು ಸ್ವರ ತಪ್ಪಿದರೆ ಮೊಣಕೈಯಿಂದ ತಿವಿದು, ನನ್ನ ಕಿವಿಯ ಹತ್ತಿರ ಬಂದು ಜೋರಾಗಿ ಹಾಡಿ ದಾರಿಗೆ ತರುತ್ತಿದ್ದರು. ಮನೆಯಲ್ಲಿ ಪಾತ್ರೆ ತೊಳೆಯುತ್ತಾ ಆ ಕೀರ್ತನೆ ಹಾಡಲು ಹೋದರೆ ಬಾಯಿಗೆ ಬರುವುದು ಆಲ್ಟೋ ಮಾತ್ರ. ಬರೀ ಆಲ್ಟೋ ಕೇಳಿದರೆ ಅದು ಯಾವ ಹಾಡು ಅಂತ ಯಾರಿಗೂ ಗೊತ್ತಾಗುವುದಿಲ್ಲ, ಏರಿಳಿತವೇ ಇಲ್ಲದೆ ಎರಡು ಮೂರು ಸ್ವರದಲ್ಲೇ ಸುತ್ತುತ್ತದೆ. ಮಗಳು ಒಂದು ದಿನ "ಇದೇನವ್ವಾ, ಹಾಡಿನ ಅರ್ಧ ಎಲ್ಲಿ ಹೋಯ್ತು" ಅಂದಳು. ಜನ ಬೇಕು ಅಂತ ನನಗೆ ಹೊಳೆದದ್ದು ಅವತ್ತು.

ಈಗ ನಮ್ಮ ಮನೆಯಲ್ಲಿ ಬುಧವಾರ ಸಂಜೆ ಒಂದಷ್ಟು ಜನ ಕೂಡುತ್ತೇವೆ. ನಿವೃತ್ತ ಶಾಲಾ ಮಾಸ್ತರರೊಬ್ಬರು, ಅವರಿಗೆ ಕಿವಿ ಸ್ವಲ್ಪ ದೂರ, ಓದುವಾಗ ಪಕ್ಕದ ಮನೆಗೂ ಕೇಳಿಸುತ್ತದೆ. ಮಂಗಳೂರು ಕಡೆಯ ಕಥೋಲಿಕ ಆಂಟಿಯೊಬ್ಬರು. ಅವರು ಚರ್ಚ್ ಬಿಟ್ಟವರಲ್ಲ, ಭಾನುವಾರ ಪೂಜೆಗೆ ಹೋಗುತ್ತಾರೆ, ಬುಧವಾರ ನಮ್ಮಲ್ಲಿಗೂ ಬರುತ್ತಾರೆ. ಮಿಜೋರಾಮಿನ ನರ್ಸ್ ಒಬ್ಬಳು, ಡ್ಯೂಟಿ ಇಲ್ಲದ ದಿನ. ಒಂದು ಅಧ್ಯಾಯವನ್ನು ಸರದಿಯಂತೆ ಓದುತ್ತೇವೆ, ನರ್ಸ್ ಹುಡುಗಿ ತನ್ನ ಪಾಲನ್ನು ಮೊಬೈಲಿನಲ್ಲಿ ಮಿಜೋ ಭಾಷೆಯಲ್ಲಿ ಓದುತ್ತಾಳೆ. ಆಮೇಲೆ ಅವರವರ ವಾರ ಹೇಗಿತ್ತು ಅಂತ ಮಾತು. ಕೊನೆಗೆ ಯೇಸು ಕಲಿಸಿದ ಕರ್ತನ ಪ್ರಾರ್ಥನೆ, ಅವರವರ ಭಾಷೆಯಲ್ಲಿ, ಒಟ್ಟಿಗೆ. ಕನ್ನಡ ಮೊದಲು ಮುಗಿಯುತ್ತದೋ ಕೊಂಕಣಿ ಮೊದಲು ಮುಗಿಯುತ್ತದೋ ಹೇಳೋಕಾಗಲ್ಲ, ಎಲ್ಲರ ಆಮೆನ್ ಆಗುವವರೆಗೆ ಮುಗಿಸಿದವರು ಕಣ್ಣು ಮುಚ್ಚಿಕೊಂಡೇ ಇರುತ್ತಾರೆ. ನಂತರ ಚಹಾ, ಗಿರ್ಮಿಟ್. ಪ್ರಸಂಗ ಇಲ್ಲ. ಯಾರೂ ಯಾರಿಗೂ ಪಾಸ್ಟರ್ ಅಲ್ಲ.

ಆ ಆಂಟಿ ಮನೆಯಲ್ಲಿ ದಿನಾ ರಾತ್ರಿ ತೆರ್ಸ್ ಹೇಳುತ್ತಾರೆ. ಜಪಮಾಲೆ ಹಿಡಿದು ಮನೆಮಂದಿಯೆಲ್ಲ ಕೂತು ಮಾಡುವ ಪ್ರಾರ್ಥನೆ ಅದು. ಮುಗಿದ ಮೇಲೆ ಮಕ್ಕಳು ಹಿರಿಯರ ಮುಂದೆ ಕೈಮುಗಿದು ಆಶೀರ್ವಾದ ಕೇಳುತ್ತಾರೆ. 1784ರಲ್ಲಿ ಟಿಪ್ಪುವಿನ ಆಳ್ವಿಕೆಯಲ್ಲಿ ಕರಾವಳಿಯ ಕಥೋಲಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. 1799ರವರೆಗೆ ಅವರು ತಮ್ಮ ಊರಿನ ಚರ್ಚುಗಳಿಂದ ದೂರವೇ ಉಳಿದರು. ಬಿಡುಗಡೆಯಾಗಿ ಬಂದವರು ಬಂದದ್ದು ಕ್ರೈಸ್ತರಾಗಿಯೇ. "ನಮ್ಮ ಹಿರಿಯರು ಮನೆಯ ಪ್ರಾರ್ಥನೆಯಿಂದಲೇ ಉಳಿದವರು" ಅಂತ ಆಂಟಿ ಹೇಳುವಾಗ ಅವರ ದನಿಯೇ ಬೇರೆಯಾಗುತ್ತದೆ.

ನನಗೆ ಇದಕ್ಕಿಂತಲೂ ದೊಡ್ಡ ಸಾಕ್ಷಿ ಜಪಾನಿನದು. ಅಲ್ಲಿ 1614ರಲ್ಲಿ ದೇಶಕ್ಕೆಲ್ಲ ಕ್ರೈಸ್ತಧರ್ಮ ನಿಷೇಧವಾಯಿತು. ಪಾದ್ರಿಗಳನ್ನು ಓಡಿಸಿದರು, ಉಳಿದವರನ್ನು ಕೊಂದರು. ನಾಗಸಾಕಿ ಕಡೆ ಜನ ವರ್ಷವರ್ಷವೂ ಯೇಸುವಿನ ಇಲ್ಲವೇ ಮರಿಯಮ್ಮನ ಚಿತ್ರವನ್ನು ಕಾಲಲ್ಲಿ ತುಳಿದು ತಾವು ಕ್ರೈಸ್ತರಲ್ಲ ಅಂತ ತೋರಿಸಬೇಕಿತ್ತು. ಇನ್ನೂರು ವರ್ಷಕ್ಕೂ ಮೇಲೆ ಅಲ್ಲಿ ಒಂದು ಚರ್ಚಿಲ್ಲ, ಒಬ್ಬ ಪಾದ್ರಿಯಿಲ್ಲ. 1865ರ ಮಾರ್ಚ್ 17ರಂದು, ವಿದೇಶಿಯರಿಗಾಗಿ ಹೊಸದಾಗಿ ಕಟ್ಟಿದ್ದ ನಾಗಸಾಕಿಯ ಓಉರಾ ಚರ್ಚಿಗೆ ಉರಕಾಮಿ ಹಳ್ಳಿಯ ಕೆಲವರು ಬಂದರು. ಅಲ್ಲಿದ್ದ ಫ್ರೆಂಚ್ ಪಾದ್ರಿ ಪೆತಿಜಾನ್ ಹತ್ತಿರ ಒಬ್ಬ ಹೆಂಗಸು ಪಿಸುಮಾತಿನಲ್ಲಿ, ನಮ್ಮೆಲ್ಲರ ಹೃದಯವೂ ನಿಮ್ಮ ಹೃದಯದಂತೆಯೇ ಇದೆ ಅಂದಳು. ಮರಿಯಮ್ಮನ ಪ್ರತಿಮೆ ಎಲ್ಲಿದೆ ಅಂತ ಕೇಳಿದಳು. ನಾವೀಗ ದುಃಖದ ಕಾಲದ 17ನೇ ದಿನದಲ್ಲಿದ್ದೇವೆ, ನೀವೂ ಆಚರಿಸುತ್ತೀರಾ ಅಂತಲೂ ಅವರು ಪಾದ್ರಿಯನ್ನು ಕೇಳಿದರು. ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ, ಲೆಂಟ್ ದಿನಗಳ ಮಾತು. ಅದು ಶುರುವಾಗುವ ಬೂದಿ ಬುಧವಾರ ಆ ವರ್ಷ ಮಾರ್ಚ್ 1ಕ್ಕೆ ಬಿದ್ದಿತ್ತು. ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ!

ಇದು ಹೇಗಾಯಿತು? ಕೆಲಸ ಹಂಚಿಕೊಂಡಿದ್ದರು. ಹಬ್ಬದ ದಿನಗಳ ಲೆಕ್ಕ ಇಡುವವನು ಒಬ್ಬ, ಅವನಿಗೆ ಚೋಕಾತಾ ಅಂತ ಹೆಸರು. ಹುಟ್ಟಿದ ಕೂಸಿಗೆ ದೀಕ್ಷಾಸ್ನಾನ ಕೊಡುವವನು ಮಿಜುಕಾತಾ. ಮನೆಮನೆಗೆ ಸುದ್ದಿ ಮುಟ್ಟಿಸುವವನು ಇನ್ನೊಬ್ಬ. ಎಲ್ಲರೂ ರೈತರು, ಮೀನುಗಾರರು. "ನನ್ನ ದೇವರು ನನ್ನ ಹೃದಯದಲ್ಲಿದ್ದಾನೆ, ಸಾಕು" ಅಂತ ಒಬ್ಬೊಬ್ಬರೂ ಮನೆಯಲ್ಲಿ ಕೂತಿದ್ದರೆ ಒಂದು ತಲೆಮಾರಿಗೆ ಎಲ್ಲ ಮುಗಿದಿರುತ್ತಿತ್ತು.

ಬೇಕೆಂದೇ ಚರ್ಚ್ ಬೇಡ ಅಂದವರೂ ಅಷ್ಟೇ. ಅದೇ ಜಪಾನಿನ ಉಚಿಮುರಾ ಕಾಂಜೊ 1901ರಲ್ಲಿ 'ಮುಕ್ಯೋಕಾಯ್' ಅಂತ ಪತ್ರಿಕೆಯನ್ನೇ ತೆಗೆದ, 'ಚರ್ಚಿಲ್ಲದವರು' ಅನ್ನುವ ಅರ್ಥದ್ದು. ಪಾದ್ರಿ ಬೇಡ, ಸಂಸ್ಕಾರ ಬೇಡ, ಕಟ್ಟಡ ಬೇಡ ಅಂದ. ಆದರೆ ಅವನ ಬಳಗ ಭಾನುವಾರ ಕೂಡಿ ಸತ್ಯವೇದ ಓದುವುದನ್ನು ಬಿಡಲಿಲ್ಲ. ನಮ್ಮ ನೆರೆಯ ಮರಾಠಿ ಕವಿ ನಾರಾಯಣ ವಾಮನ ಟಿಳಕರು ವರ್ಷಗಟ್ಟಲೆ ಮಿಶನ್ನಿನಲ್ಲಿ ದುಡಿದು, 1917ರಲ್ಲಿ ಅದನ್ನು ಬಿಟ್ಟರು. ಬಿಟ್ಟು ಮಾಡಿದ್ದೇನು? ದೀಕ್ಷಾಸ್ನಾನ ಆದವರೂ ಆಗದವರೂ ಸೇರಬಹುದಾದ 'ದೇವಾಚಾ ದರಬಾರ್' ಎಂಬ ಬಳಗ ಕಟ್ಟಲು ಹೊರಟರು. ಒಬ್ಬರೇ ಕೂರಲಿಲ್ಲ.

ಹಾಗಾದರೆ ನೀವು ಹೊರಬೇಕಾದ ಕೆಲಸ ಯಾವುದು? ವರ್ಷದ ಲೆಕ್ಕ ಒಂದು. ಕ್ರಿಸ್‌ಮಸ್‌ಗೆ ಮುಂಚಿನ ಅಡ್ವೆಂಟ್ ವಾರಗಳು, ಲೆಂಟ್, ಶುಭ ಶುಕ್ರವಾರ, ಈಸ್ಟರ್, ಸುಗ್ಗಿ ಹಬ್ಬ. ಚರ್ಚಿನಲ್ಲಿ ಇದ್ದವರಿಗೆ ಇದು ತಾನಾಗಿ ಬರುತ್ತದೆ, ಮನೆಯಲ್ಲಿ ಇರುವವರಿಗೆ ಕ್ರಿಸ್‌ಮಸ್ ಕೇಕು ಮಾತ್ರ ಉಳಿಯುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಕೊಡುವುದು ಇನ್ನೊಂದು. ಕಾಣಿಕೆ ತಟ್ಟೆ ಮುಂದೆ ಬರದಿದ್ದರೆ ಕೈ ತಾನಾಗಿ ಬಿಗಿಯಾಗುತ್ತದೆ. ನಮ್ಮ ನರ್ಸ್ ಹುಡುಗಿ ಹೇಳಿದ್ದು: ಮಿಜೋರಾಮಿನ ಕ್ರೈಸ್ತ ಮನೆಗಳಲ್ಲಿ ಅನ್ನಕ್ಕೆ ಇಡುವಾಗೆಲ್ಲ ಹೆಂಗಸರು ಒಂದು ಹಿಡಿ ಅಕ್ಕಿಯನ್ನು ಬೇರೆ ತೆಗೆದಿಡುತ್ತಾರೆ, ಬುಹ್‌ಫಾಯ್ ಥಾಮ್ ಅಂತಾರೆ. ಆ ಹಿಡಿ ಅಕ್ಕಿ ಕೂಡಿಸಿ ಮಾರಿದ ಹಣದಲ್ಲಿ ಅವರ ಸಭೆಗಳು ಎಷ್ಟೋ ಕೆಲಸ ನಡೆಸುತ್ತವೆ. ನಾನೂ ಒಲೆಯ ಪಕ್ಕ ಒಂದು ಡಬ್ಬಿ ಇಟ್ಟಿದ್ದೇನೆ. ತುಂಬಿದಾಗ ಅದು ನಮ್ಮ ಓಣಿಯಲ್ಲೇ ಬೇಕಾದವರ ಮನೆಗೆ ಹೋಗುತ್ತದೆ.

ಕಾಯಿಲೆ ಬಿದ್ದವರನ್ನು ನೋಡಿಬರುವುದು, ಸತ್ತವರ ಮನೆಗೆ ಅನ್ನ ಕಳಿಸುವುದು, ಇವನ್ನು ಹೇಳಿಕೊಡಬೇಕಿಲ್ಲ. ಕಷ್ಟದ್ದು ಬೇರೆ ಇದೆ. ನಿಮ್ಮ ತಪ್ಪನ್ನು ನಿಮ್ಮ ಮುಖಕ್ಕೆ ಹೇಳುವವರು ಬೇಕು. ಯಾಕೋಬನ ಪತ್ರ ಇದನ್ನೇ ಹೇಳುತ್ತದೆ, ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆ ಮಾಡಿಕೊಳ್ಳಿ ಅಂತ. ನನ್ನ ಒಬ್ಬ ಗೆಳತಿ ಇದ್ದಾಳೆ, ಶಾಲೆಯ ದಿನಗಳಿಂದ. ಭೇಟಿಯಾದಾಗೆಲ್ಲ ಅವಳ ಮೊದಲ ಪ್ರಶ್ನೆ, "ತಮ್ಮನ ಜೊತೆ ಮಾತಾಡಿದ್ಯಾ?" ಚರ್ಚಿನ ಜಗಳದಿಂದ ಅವನಿಗೂ ನನಗೂ ಮಾತು ನಿಂತಿತ್ತು. ಆ ಪ್ರಶ್ನೆ ಕೇಳುವವರು ಇಲ್ಲದಿದ್ದರೆ ನಾನು ದಿನಾ ಕ್ಷಮೆಯ ವಚನ ಓದಿಕೊಂಡು ನೆಮ್ಮದಿಯಾಗಿ ಇದ್ದುಬಿಡುತ್ತಿದ್ದೆ. ಅವನಿಗೆ ಫೋನ್ ಮಾಡಿದ್ದು ಅವಳ ಕಾಟಕ್ಕೆ. ಈಗ ಹಬ್ಬಕ್ಕೆ ಬರುತ್ತಾನೆ. ಚರ್ಚಿನ ಮಾತು ಮಾತ್ರ ಇಬ್ಬರೂ ಎತ್ತುವುದಿಲ್ಲ. ಯೂಟ್ಯೂಬಿನ ಪ್ರಸಂಗಗಳ ಬಗ್ಗೆ ನನ್ನ ತಕರಾರೂ ಇದೇ. ಕೇಳಿ, ಬೇಡ ಅನ್ನುವುದಿಲ್ಲ. 2020ರ ಈಸ್ಟರ್ ಹೊತ್ತಿಗೆ ಲಾಕ್‌ಡೌನ್ ಇದ್ದಾಗ ಎಲ್ಲರೂ ಫೋನಿನ ಮುಂದೆಯೇ ಕೂತಿದ್ದೆವು, ಅದು ದೊಡ್ಡ ಆಸರೆಯಾಯಿತು. ಆದರೆ ಆ ಪ್ರಸಂಗಿಗೆ ನಿಮ್ಮ ತಮ್ಮ ಯಾರು ಅಂತ ಗೊತ್ತಿಲ್ಲ.

ನೀವು ಕಥೋಲಿಕರಾದರೆ ಒಂದು ವಿಷಯ ಬೇರೆ ಇದೆ, ನೇರವಾಗಿ ಹೇಳುತ್ತೇನೆ. ನಿಮ್ಮ ಸಭೆಯ ಕಟ್ಟಳೆಯಲ್ಲಿ ಭಾನುವಾರದ ಪೂಜೆ ಕಡ್ಡಾಯ. ಕಾಯಿಲೆ, ಎಳೆಕೂಸಿನ ಆರೈಕೆಯಂಥ ಗಟ್ಟಿ ಕಾರಣ ಇದ್ದರೆ ವಿನಾಯಿತಿ ಇದೆ. ಪೂಜೆಗೆ ಹೋಗಲು ಸಾಧ್ಯವೇ ಇಲ್ಲದಾಗ ಮನೆಮಂದಿ ಕೂಡಿ ಪ್ರಾರ್ಥಿಸಿ ಅಂತ ಆ ಕಟ್ಟಳೆಯೇ ಹೇಳುತ್ತದೆ. ಪೂಜೆಯಲ್ಲಿ ಕೊಡುವ ಪರಮಪ್ರಸಾದ ಮಾತ್ರ ಮನೆಯಲ್ಲಿ ಮಾಡಿಕೊಳ್ಳುವಂಥದ್ದಲ್ಲ. ಅದಿಲ್ಲದೆ ಇರಲು ಆಗುತ್ತದಾ ಅನ್ನುವುದು ನಿಮ್ಮ ಪ್ರಶ್ನೆಯ ನಿಜವಾದ ಗಂಟು ಇರಬಹುದು. ನಾನು ಪ್ರಾಟೆಸ್ಟಂಟ್ ಆಗಿಯೂ ಕರ್ತನ ಭೋಜನಕ್ಕೆ ಹಂಬಲಿಸುತ್ತೇನೆ. ವರ್ಷದಲ್ಲಿ ಆಗೀಗ ಬೇರೆ ಊರಿಗೆ ಹೋದಾಗ, ಅಲ್ಲಿನ ಸಭೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ತೆಗೆದುಕೊಂಡು ಬರುತ್ತೇನೆ.

ಅಮ್ಮನ ವಿಷಯ. ಅವರ ಜೊತೆ ವಾದ ಮಾಡಬೇಡಿ. ಇಬ್ಬರು ಮೂವರು ಅಂತ ಯೇಸು ಹೇಳಿದ ಲೆಕ್ಕಕ್ಕೆ ನಿಮ್ಮ ಮನೆಯಲ್ಲೇ ಒಬ್ಬರು ಸಿದ್ಧ ಇದ್ದಾರೆ. ರಾತ್ರಿ ಊಟಕ್ಕೆ ಮುಂಚೆ ಅವರ ಪಕ್ಕ ಕೂತು, "ಅಮ್ಮಾ, ಒಂದು ಕೀರ್ತನೆ ಓದ್ತೀರಾ?" ಅಂತ ಕೇಳಿ. ಭಾನುವಾರ ಅವರನ್ನು ಗಾಡಿಯಲ್ಲಿ ಚರ್ಚಿನ ಬಾಗಿಲವರೆಗೆ ಬಿಟ್ಟು ಬನ್ನಿ. ಅವರು ಅಳುವುದು ನೀವು ನರಕಕ್ಕೆ ಹೋಗುತ್ತೀರಿ ಅನ್ನುವ ಭಯಕ್ಕೆ ಮಾತ್ರ ಅಲ್ಲ. ನಾನೂ ತಾಯಿಯಾಗಿ ಹೇಳುತ್ತೇನೆ, ಮಗನ ಜೊತೆ ಒಂದೇ ಬೆಂಚಿನಲ್ಲಿ ಕೂರುವ ಸುಖ ಹೋಯಿತಲ್ಲ ಅನ್ನುವ ಸಂಕಟವೂ ಅದರಲ್ಲಿ ಇರುತ್ತದೆ.

ಇನ್ನು ಯಾರೂ ಬಾಯಿಬಿಟ್ಟು ಹೇಳದ ಮಾತು, ಸ್ಮಶಾನ. ನಮ್ಮ ಊರುಗಳಲ್ಲಿ ಕ್ರೈಸ್ತರ ಸ್ಮಶಾನ ಹೆಚ್ಚಾಗಿ ಆಯಾ ಸಭೆಯ ಕೈಯಲ್ಲಿ ಇರುತ್ತದೆ. ಮನೆಯಲ್ಲಿ ಸಾವಾದ ದಿನ ರಿಜಿಸ್ಟರಿನಲ್ಲಿ ಹೆಸರಿದೆಯಾ, ಚಂದಾ ಬಾಕಿ ಇದೆಯಾ ಅಂತ ನೋಡುತ್ತಾರೆ. ನೀವು ಹೋಗದಿದ್ದರೂ ಸದಸ್ಯತ್ವ ಬಿಡಬೇಡಿ. ವರ್ಷದ ಚಂದಾ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ನಾನು ಈಗಲೂ ಕಟ್ಟುತ್ತೇನೆ, ನನ್ನ ಅಪ್ಪ ಅವ್ವ ಮಲಗಿರುವ ನೆಲ ಅದು. ಮದುವೆಗೂ ಇದೇ ಮಾತು. ಚರ್ಚಿನಲ್ಲಿ ಮದುವೆಯಾಗಬೇಕಾದರೆ ಸಭೆಯ ಪತ್ರ ಕೇಳುತ್ತಾರೆ. ಅದು ಬೇಡವಾದರೆ 1872ರ ಕ್ರೈಸ್ತ ವಿವಾಹ ಕಾಯ್ದೆಯಲ್ಲಿ ಮದುವೆ ರಿಜಿಸ್ಟ್ರಾರರ ಮುಂದೆ ಆಗುವ ದಾರಿ ಇದೆ, 1954ರ ವಿಶೇಷ ವಿವಾಹ ಕಾಯ್ದೆಯೂ ಇದೆ.

ಪಾಸ್ಟರ್ ಅಥವಾ ಫಾದರ್ ಮನೆಗೆ ಬಂದರೆ ಒಳಗೆ ಕರೆದು ಕೂರಿಸಿ, ಚಹಾ ಕೊಡಿ, ಪ್ರಾರ್ಥನೆ ಮಾಡಲು ಹೇಳಿ. ಬಿಟ್ಟ ಕಾರಣ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ. ಮುಂದೆ ಯಾವತ್ತಾದರೂ ಹೋಗಬೇಕು ಅನ್ನಿಸಿದರೆ ಹೋಗಿ, ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ.

ನೀವು ಯಾವ ಊರಿನವರು ಅಂತ ಬರೆದಿಲ್ಲ. ಹುಬ್ಬಳ್ಳಿ-ಧಾರವಾಡ ಕಡೆಯವರಾದರೆ ತಿಳಿಸಿ, ಬುಧವಾರ ಸಂಜೆ ಬನ್ನಿ. ಹಾಡಲು ಬರುವುದಾದರೆ ಇನ್ನೂ ಒಳ್ಳೆಯದು, ನಮ್ಮಲ್ಲಿ ಟೆನರ್, ಅಂದರೆ ಗಂಡಸರ ಎತ್ತರದ ದನಿ, ಹಾಡುವವರು ಯಾರೂ ಇಲ್ಲ.